ಮದಾಂ ಒಡೆಟ್ ಮನೆಯ ಗೂಡು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಜಗಲಿಯ ಮೇಲೆ ಕೂತು ಐದು ವರ್ಷ ನಾನು ಒಂದೇ ಕಥೆ ಹೇಳಿದೆ. ಬಯ್ಯಪ್ಪ ಫ್ರಾನ್ಸ್ ದೇಶಕ್ಕೆ ಹೋಗಿ, ಒಬ್ಬ ಮುದುಕಿ ಜೋಪಾನವಾಗಿ ಇಟ್ಟುಕೊಂಡಿದ್ದ ರೇಷ್ಮೆ ಗೂಡನ್ನು ಸೀಳಿಹಾಕಿದ ಕಥೆ. ಮುದುಕಿ ಹೇಗೆ ಬಾಯಿ ಬಿಟ್ಟುಕೊಂಡು ನಿಂತಳು, ಬಯ್ಯಪ್ಪ ಹೇಗೆ ಪಿಳಿಪಿಳಿ ಕಣ್ಣು ಬಿಟ್ಟ, ಎಲ್ಲವನ್ನೂ ಕೈಸನ್ನೆ ಮಾಡಿ ತೋರಿಸುತ್ತಿದ್ದೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಟೀ ತರಿಸುತ್ತಿದ್ದರು. ಆ ಗೂಡನ್ನು ಸೀಳಿದವನು ನಾನು.

ನೋಡಿ, ಬರೆದುಬಿಟ್ಟೆ. ಬರೆಯುವುದೇನು ಮಹಾ, ಕಾಗದ ಎದ್ದು ನಿಂತು ಮುಖಕ್ಕೆ ಉಗಿಯುವುದಿಲ್ಲವಲ್ಲ.

ನನ್ನ ಹೆಸರು ವೆಂಕಟರಾಯಪ್ಪ. ರೀಲರು. ಅಂದರೆ ರೈತರು ತಂದ ಗೂಡನ್ನು ಹರಾಜಿನಲ್ಲಿ ಕೊಂಡು, ಬಿಸಿನೀರಿನಲ್ಲಿ ಬೇಯಿಸಿ, ನೂಲು ತೆಗೆಯುವವನು. ಮೂವತ್ತು ವರ್ಷದ ಕಸುಬು. ಹರಾಜಿಗೆ ಮುಂಚೆ ನಾವು ರೀಲರುಗಳು ಸಾಲಾಗಿ ಸುತ್ತು ಬರುತ್ತೇವೆ. ರೈತ ತನ್ನ ಗೂಡನ್ನು ಸುರಿದುಕೊಂಡು ಪಕ್ಕದಲ್ಲಿ ನಿಂತಿರುತ್ತಾನೆ. ನಾವು ರಾಶಿಗೆ ಕೈ ಹಾಕುತ್ತೇವೆ, ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗಿನ ಹುಳ ಟಕಟಕ ಅಂದರೆ ಸರಿ, ಅನ್ನದಿದ್ದರೆ ಕೆಟ್ಟಿದೆ. ಆಮೇಲೆ ಹೆಬ್ಬೆರಳ ಉಗುರು ಕೊಟ್ಟು ಚರ್ರನೆ ಸೀಳಿ ಒಳಗೆ ನೋಡುತ್ತೇವೆ. ಸೀಳಿದ ಗೂಡನ್ನು ಅಲ್ಲೇ ಬಿಸಾಕಿ ಮುಂದಕ್ಕೆ ಹೋಗುತ್ತೇವೆ. ಯಾರನ್ನೂ ಕೇಳುವುದಿಲ್ಲ, ಕೇಳುವ ಪದ್ಧತಿಯೇ ಇಲ್ಲ. ನನ್ನ ಕೈ ಅಂದರೆ ಇಡೀ ಮಾರುಕಟ್ಟೆಗೆ ನಂಬಿಕೆ. ‘ವೆಂಕಟರಾಯಪ್ಪ ಸೀಳಿ ನೋಡಿದರೆ ಮುಗೀತು’ ಅನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ನನಗೂ ಸ್ವಲ್ಪ ತಲೆಗೇರಿತ್ತು.

ಬಯ್ಯಪ್ಪ ಕೈವಾರದ ಪಕ್ಕದ ಹಳ್ಳಿಯವನು. ಎರಡು ಎಕರೆ ಹಿಪ್ಪುನೇರಳೆ, ಹುಳ ಸಾಕಲು ಒಂದು ಹುಳು ಮನೆ. ಗೂಡು ಅಂದರೆ ಅವನದ್ದು, ಒಂದೇ ಅಳತೆ, ಒಂದೇ ಬಣ್ಣ. ಆದರೆ ನಾವು ಸೀಳುವುದನ್ನು ಮಾತ್ರ ಅವನು ನೋಡಲಾರ. ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ.

“ಎರಡು ನೋಡಿದ್ರಲ್ಲಣ್ಣ, ಸಾಕು ಬಿಡಿ. ಮೂರು ದಿವ್ಸ ಕೂತು ಕಟ್ಟಿರತ್ತೆ ಹುಳ,” ಅನ್ನುತ್ತಿದ್ದ.

“ನಿನ್ನ ಹುಳ ಏನು ನಮ್ಮ ಬೀಗರಾ? ಸುಮ್ನಿರಯ್ಯ,” ಅಂದು ನಾನು ಮೂರನೆಯದನ್ನೂ ಸೀಳುತ್ತಿದ್ದೆ. ನನ್ನ ಬುದ್ಧಿ ಅಂಥದ್ದು.

ತೊಂಬತ್ತೊಂದನೇ ಇಸವಿಯಲ್ಲಿ ಫ್ರಾನ್ಸಿನ ಯಾವುದೋ ಒಂದು ಸಂಘದವರು ನಮ್ಮ ಕಡೆಯಿಂದ ಒಬ್ಬ ರೈತ, ಒಬ್ಬ ರೀಲರು ಬೇಕು ಅಂದರು. ಅವರ ದೇಶದಲ್ಲಿ ಹಿಂದೆ ರೇಷ್ಮೆ ಬೆಳೆಯುತ್ತಿದ್ದ ಒಂದು ನದಿಯ ಕಣಿವೆಯಿದೆ. ಅಲ್ಲಿನ ಹಳೆಯ ಸೇತುವೆ, ಹಳೆಯ ಮಿಲ್ಲು, ಹುಳು ಮನೆಗಳನ್ನು ಉಳಿಸಿಕೊಂಡಿದ್ದಾರೆ. ಈಗಲೂ ಈ ಕಸುಬು ಮಾಡುವವರು ಬಂದು ನೋಡಲಿ ಎಂದು ಅವರ ಆಸೆ. ನನ್ನ ಹೆಸರು ಬಂತು, ಸಂತೋಷ. ರೈತನ ಹೆಸರು ಬಯ್ಯಪ್ಪ ಅಂದಾಗ ಮಾತ್ರ ಆ ಸಂತೋಷ ಅರ್ಧ ಇಳಿಯಿತು. ಇವನು ಚಿಕ್ಕಬಳ್ಳಾಪುರದಿಂದ ಆಚೆಗೆ ರೈಲು ಹತ್ತಿದವನಲ್ಲ. ಅಷ್ಟು ದೂರ ಹೋಗಿ ನಮ್ಮ ಮಾನ ಕಳೆಯುತ್ತಾನಲ್ಲ ಎಂದು ನನ್ನ ಹೆಂಡತಿ ಮುನಿಗಂಗಮ್ಮನ ಹತ್ತಿರ ಹತ್ತು ಸಲ ಹೇಳಿದೆ.

“ನಿಮ್ಮದು ನೀವು ನೋಡ್ಕೊಳ್ರಿ,” ಅಂದಳು.

ಆ ನದಿಯ ಹೆಸರು ಇವತ್ತಿಗೂ ನನ್ನ ನಾಲಗೆಗೆ ಹೊರಳುವುದಿಲ್ಲ. ಎರಡು ಕಡೆ ಬೆಟ್ಟ, ನಡುವೆ ಹಸಿರು ನೀರು, ತಳದ ಕಲ್ಲು ಕೂಡ ಕಾಣುವಷ್ಟು ತಿಳಿ. ನಮ್ಮನ್ನು ಸುತ್ತಾಡಿಸಿದವರು ಮದಾಂ ಒಡೆಟ್. ಎಪ್ಪತ್ತೆರಡು ವರ್ಷದ ಒಣಕಲು ಹೆಂಗಸು. ಬೆಂಕಿಪೊಟ್ಟಣದಂಥ ಕಾರು, ಅದನ್ನು ಓಡಿಸುವ ರಭಸ ನೋಡಿದರೆ ನಮ್ಮ ಚಿಂತಾಮಣಿ ಬಸ್ಸಿನ ಡ್ರೈವರು ಕೈ ಮುಗಿಯಬೇಕು. ಮಾತು ತಿಳಿಸಿಕೊಡಲು ಅನಸೂಯಮ್ಮ ಎನ್ನುವವರು ಜೊತೆಗಿದ್ದರು. ಆಂಧ್ರದ ಕಡೆ ಹಿಂದೆ ಫ್ರೆಂಚರ ಕೈಯಲ್ಲಿದ್ದ ಯಾನಾಂನವರು, ಮದುವೆಯಾಗಿ ಅಲ್ಲಿ ಸೇರಿಕೊಂಡವರು. ಅವರಿಗೆ ಫ್ರೆಂಚ್ ಗೊತ್ತು, ತೆಲುಗು ಗೊತ್ತು. ನಮ್ಮ ಕಡೆಯವರಿಗೆ ತೆಲುಗು ಮನೆಮಾತಿನ ಹಾಗೇ, ತೊಂದರೆಯಾಗಲಿಲ್ಲ.

ಮೊದಲ ದಿನ ತೋರಿಸಿದ್ದು ಏಳುನೂರು ವರ್ಷದ ಕಲ್ಲು ಸೇತುವೆ. ನಡುವೆ ಗೂನುಬೆನ್ನಿನ ಹಾಗೆ ಎದ್ದುಕೊಂಡಿತ್ತು, ಅಗಲ ನಮ್ಮ ಎತ್ತಿನ ಗಾಡಿಗೂ ಸಾಲದು. ಆ ಕಾಲದಲ್ಲಿ ಹೇಸರಗತ್ತೆಗಳ ಮೇಲೆ ರೇಷ್ಮೆ ಹೇರಿಕೊಂಡು ಇದರ ಮೇಲೆಯೇ ಹೋಗುತ್ತಿದ್ದರಂತೆ. ನಾನು ದೊಡ್ಡ ಇಂಜಿನಿಯರನ ಹಾಗೆ ಕಮಾನಿನ ಕೆಳಗೆ ಬಗ್ಗಿ ನೋಡಿ, ಗಾರೆಗೆ ಏನು ಹಾಕಿದ್ದಾರೆ ಎಂದು ಕೇಳಿದೆ. ನಮ್ಮ ಗೌರಿಬಿದನೂರಿನ ಪಿನಾಕಿನಿ ಮೇಲೂ ಸೇತುವೆಯಿದೆ, ನೀರು ಮಾತ್ರ ಇಲ್ಲ ಎಂದೆ. ಎಲ್ಲರೂ ನಕ್ಕರು. ಅಷ್ಟರಲ್ಲಿ ಬಯ್ಯಪ್ಪ ಚಪ್ಪಲಿ ಬಿಟ್ಟು, ಸೇತುವೆಯ ಮೊದಲ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಜೇಬಿನಿಂದ ನಾಲ್ಕಾಣೆ ತೆಗೆದು ಹೊಳೆಗೆ ಎಸೆದು ಕೈ ಮುಗಿದ.

“ಏ, ಏನೋ ಇದು? ಎಲ್ಲಾ ನೋಡ್ತಾವ್ರೆ!” ಎಂದು ಗದರಿದೆ.

“ಗಂಗಮ್ಮ ಅಲ್ವೇನಣ್ಣ? ಯಾವ ದೇಸ ಆದ್ರೇನು?” ಅಂದ.

ನನಗೆ ಭೂಮಿಗೆ ಇಳಿದುಹೋಗುವ ಹಾಗಾಯಿತು. ಮದಾಂ ಅವನನ್ನೇ ನೋಡುತ್ತಾ ನಿಂತಿದ್ದರು. ಹಾಸ್ಯ ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ.

ಎರಡನೆಯ ದಿನ ಕಬ್ಬಿಣದ ಹಗ್ಗಗಳಲ್ಲಿ ತೂಗುಬಿಟ್ಟ ಸೇತುವೆ. ಯುದ್ಧದಲ್ಲಿ ಬಾಂಬಿಟ್ಟು ಬೀಳಿಸಿದ್ದರಂತೆ, ಊರವರು ಹಟ ಹಿಡಿದು ಹಿಂದಿನ ಹಾಗೆಯೇ ಕಟ್ಟಿಸಿಕೊಂಡರಂತೆ. ಪಕ್ಕದ ಕಲ್ಲಿನಲ್ಲಿ ಸತ್ತ ಹುಡುಗರ ಹೆಸರುಗಳಿದ್ದವು, ಅದರಲ್ಲಿ ಮದಾಂ ಅವರ ಅಣ್ಣನದೂ ಒಂದು. ಅಲ್ಲಿಂದ ಮುಂದೆ ಮೂರು ಕಂಬ ಮಾತ್ರ ಉಳಿದ ಇನ್ನೊಂದು ಸೇತುವೆ. ಪ್ರವಾಹ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತು ಎಂದು ಕಂಬದ ಮೇಲೆ ಗೆರೆ ಕೊರೆದು ಇಸವಿ ಬರೆದಿದ್ದರು. ಮೇಲಿನ ಗೆರೆ ನನ್ನ ತಲೆಗಿಂತ ಎರಡಾಳು ಎತ್ತರ. ದಾರಿಯುದ್ದಕ್ಕೂ ಹಿಪ್ಪುನೇರಳೆ ಮರಗಳು. ನಮ್ಮಲ್ಲಿ ಕತ್ತರಿಸಿ ಕತ್ತರಿಸಿ ಸೊಂಟದೆತ್ತರ ಇಟ್ಟಿರುತ್ತೇವೆ, ಅಲ್ಲಿ ಹುಣಸೆಮರದಷ್ಟು ಬೆಳೆದುಕೊಂಡಿದ್ದವು. ಬಯ್ಯಪ್ಪ ಕಾರು ನಿಲ್ಲಿಸಿ ಎಂದು ಹೇಳಿ ಇಳಿದು ಹೋಗಿ ಎಲೆ ಮುಟ್ಟಿ ನೋಡಿದ.

“ಇಷ್ಟು ಸೊಪ್ಪು ತಿನ್ನೋರೇ ಇಲ್ಲ. ಪಾಪ,” ಎಂದ. ಕಣ್ಣಲ್ಲಿ ನೀರು ಬಂದಿತ್ತು. ನನಗೆ ಅದೂ ನಾಚಿಕೆಯಾಯಿತು.

ಮೂರನೆಯ ದಿನ ಮಧ್ಯಾಹ್ನ ಮದಾಂ ತಮ್ಮ ಮನೆಗೇ ಊಟಕ್ಕೆ ಕರೆದರು. ನದಿಯ ದಂಡೆಯ ಮೇಲಿನ ಎರಡಂತಸ್ತಿನ ಕಲ್ಲು ಮನೆ. ಮೇಲಿನ ಅಂತಸ್ತೇ ಅವರ ತಾಯಿಯ ಕಾಲದ ಹುಳು ಮನೆ. ಊಟವಾದ ಮೇಲೆ ಕಾಫಿ ತರುತ್ತೇನೆಂದು ಒಳಗೆ ಹೋದರು, ಅನಸೂಯಮ್ಮನೂ ಸಹಾಯಕ್ಕೆ ಹೋದರು. ಹೋಗುವ ಮುಂಚೆ ಮದಾಂ ಬೀರುವಿನಿಂದ ಒಂದು ಮರದ ಬಟ್ಟಲನ್ನು ತೆಗೆದು ನಮ್ಮ ಮುಂದೆ ಇಟ್ಟಿದ್ದರು. ಬಟ್ಟಲಲ್ಲಿ ಒಣಗಿದ ಒಂದು ರೆಂಬೆ, ರೆಂಬೆಗೆ ಅಂಟಿಕೊಂಡು ಅರಿಶಿನ ಬಣ್ಣದ ಒಂದೇ ಒಂದು ಗೂಡು.

ಏನೆಂದು ಹೇಳಲಿ? ತಲೆಗೆ ಗೊತ್ತಾಗುವ ಮೊದಲೇ ಕೈ ಹೋಗಿತ್ತು. ರೆಂಬೆಯಿಂದ ಕಿತ್ತೆ. ಕಿವಿಯ ಹತ್ತಿರ ಅಲ್ಲಾಡಿಸಿದೆ. ಟಕಟಕ ಅನ್ನಲಿಲ್ಲ. ಚರ್ರನೆ ಸೀಳಿದೆ.

ಒಳಗೆ ಚಿಟಿಕೆ ಕಂದು ಪುಡಿ. ಅದು ಮೇಜಿನ ಬಿಳಿ ಬಟ್ಟೆಯ ಮೇಲೆ ಬಿತ್ತು.

ತಲೆ ಎತ್ತಿದರೆ ಬಯ್ಯಪ್ಪ ನೋಡುತ್ತಿದ್ದಾನೆ. ಮಾರುಕಟ್ಟೆಯಲ್ಲಿ ಮುಖ ತಿರುಗಿಸಿಕೊಳ್ಳುವವನು ಅವತ್ತು ತಿರುಗಿಸಿಕೊಂಡಿರಲಿಲ್ಲ. ನಾನು ಪುಡಿಯನ್ನು ಊದಿದೆ. ಗೂಡಿನ ಸೀಳು ಕೆಳಗೆ ಬರುವ ಹಾಗೆ ಅದನ್ನು ರೆಂಬೆಗೆ ಸಿಕ್ಕಿಸಿ ಬಟ್ಟಲನ್ನು ಸ್ವಲ್ಪ ಆಚೆಗೆ ತಳ್ಳಿದೆ. ಸೀಳಿದ್ದು ಕೈ ತಪ್ಪು ಅನ್ನಿ, ಬೇಕಾದರೆ ಒಪ್ಪುತ್ತೇನೆ. ಮುಚ್ಚಿಟ್ಟದ್ದು ಮಾತ್ರ ಪೂರ್ತಿ ಎಚ್ಚರದಲ್ಲಿದ್ದು ಮಾಡಿದ ಕೆಲಸ.

ಮದಾಂ ಕಾಫಿ ತಂದಿಟ್ಟು, ಕೂತು, ಬಟ್ಟಲನ್ನು ಹತ್ತಿರ ಎಳೆದುಕೊಂಡು ಮಾತು ಶುರು ಮಾಡಿದರು. ಅನಸೂಯಮ್ಮ ತೆಲುಗಿನಲ್ಲಿ ಹೇಳುತ್ತಾ ಹೋದರು. ಐವತ್ತಾರನೇ ಇಸವಿಯಲ್ಲಿ ಮದಾಂ ಅವರ ತಾಯಿ ಕಡೆಯ ಬೆಳೆ ಎತ್ತಿದರಂತೆ. ಅಷ್ಟು ಹೊತ್ತಿಗೆ ಮಿಲ್ಲು ಮುಚ್ಚಿ ಕೊಳ್ಳುವವರೇ ಇರಲಿಲ್ಲ. ತಾಯಿ ಗೂಡನ್ನೆಲ್ಲ ಒಲೆಗೆ ಹಾಕಿ, ಒಂದನ್ನು ಮಾತ್ರ ರೆಂಬೆಯ ಸಮೇತ ಮಗಳ ಕೈಗೆ ಕೊಟ್ಟು, ಇದನ್ನು ಕೆಡದ ಹಾಗೆ ಇಟ್ಟುಕೋ ಅಂದರಂತೆ. ಆ ತಾಯಿ ಆ ಚಳಿಗಾಲ ದಾಟಿ ಬದುಕಲಿಲ್ಲವಂತೆ. “ಮೂವತ್ತೈದು ವರ್ಷ ಇಟ್ಟುಕೊಂಡಿದ್ದೇನೆ. ಇದರ ಬೆಲೆ ತಿಳಿದವರು ನಮ್ಮ ಮನೆಗೆ ಬಂದದ್ದು ಇದೇ ಮೊದಲು,” ಎಂದು ಮದಾಂ ರೆಂಬೆಯನ್ನು ಎತ್ತಿ ನನ್ನ ಕಡೆ ಹಿಡಿದರು. ಗೂಡು ಬಾಯಿ ತೆರೆದುಕೊಂಡು ಬಟ್ಟಲಿಗೆ ಬಿತ್ತು.

ಆಕೆ ಕಿರುಚಲಿಲ್ಲ. ಎದ್ದು ನಿಂತು, ಗೂಡನ್ನು ಅಂಗೈಯಲ್ಲಿ ಇಟ್ಟುಕೊಂಡು, ಸೀಳಿನ ಎರಡು ಅಂಚನ್ನು ಬೆರಳಿನಿಂದ ಸೇರಿಸಿ ಸೇರಿಸಿ ನೋಡಿದರು. ಕಣ್ಣಿನಿಂದ ನೀರು ಬಳಬಳನೆ ಇಳಿಯಿತು. ಅನಸೂಯಮ್ಮ ನಮ್ಮ ಮುಖ ನೋಡಿ, “ಎವರು ಚೇಸಾರಂಡಿ?” ಎಂದರು. ಯಾರು ಮಾಡಿದ್ದು?

ಹೇಳಬೇಕಾಗಿದ್ದು ಒಂದೇ ಒಂದು ಮಾತು, ನಾನು. ಅದಕ್ಕೆ ನನ್ನ ಹೆಸರೇ ಅಡ್ಡ ಬಂತು. ಇಪ್ಪತ್ತೈದು ವರ್ಷದ ಹೆಸರು, ಶಿಡ್ಲಘಟ್ಟದಿಂದ ಬಂದ ದೊಡ್ಡ ರೀಲರು, ಗಾರೆಯ ವಿಚಾರ ಕೇಳಿದ ಜಾಣ. ನಾನು ಕಾಫಿ ಕಪ್ಪಿನ ಒಳಗೆ ನೋಡುತ್ತಾ ಕೂತೆ.

“ನೇನೇ ತಲ್ಲಿ. ತಪ್ಪಯಿಪೋಯಿಂದಿ,” ಎಂದಿತು ಪಕ್ಕದ ದನಿ. ನಾನೇ ತಾಯಿ, ತಪ್ಪಾಯಿತು. ಬಯ್ಯಪ್ಪ ಎದ್ದು ಕೈ ಮುಗಿದು ನಿಂತಿದ್ದ.

ಮದಾಂ ಗೂಡನ್ನು ಬಟ್ಟಲಿನಲ್ಲಿಟ್ಟು ಅವನ ಹತ್ತಿರ ಬಂದರು. ಆಮೇಲೆ ಅವನ ಮುಗಿದ ಕೈಗಳನ್ನು ಹಿಡಿದು ಬಿಡಿಸಿ, ಸೊಪ್ಪು ಕೊಯ್ದು ಕೊಯ್ದು ಕಪ್ಪಾದ ಬೆರಳುಗಳನ್ನು ಮುಟ್ಟಿ ಏನೋ ಅಂದರು. ನಮ್ಮಮ್ಮನ ಬೆರಳೂ ಹೀಗೇ ಇತ್ತು, ಹುಳು ಸಾಕಿದವರ ಕೈ ಸುಮ್ಮನಿರುವುದಿಲ್ಲ, ಹೋಗಲಿ ಬಿಡಪ್ಪ ಎಂದರಂತೆ. ಅವರು ಕ್ಷಮಿಸಿದ್ದು ಬಯ್ಯಪ್ಪನ ಕೈಯನ್ನು. ನನ್ನ ಕೈ ಮೇಜಿನ ಕೆಳಗೆ ಅಡಗಿಕೊಂಡಿತ್ತು.

ಕಾರಿನ ಹತ್ತಿರ ಬಂದಾಗ ಅವನನ್ನು ಪಕ್ಕಕ್ಕೆ ಎಳೆದು ಕೇಳಿದೆ. “ಯಾಕಯ್ಯ ಹಂಗಂದೆ?”

“ಆಯಮ್ಮ ಅಳ್ತಾ ನಿಂತಿದ್ಲಲ್ಲಣ್ಣ. ಯಾರಾನ ಒಬ್ರು ತಪ್ಪಾಯ್ತು ಅನ್ಬೇಕಿತ್ತು. ನೀವು ಅನ್ಲಿಲ್ಲ.”

ಅಷ್ಟೇ. ಬೈಯಲಿಲ್ಲ, ಹಂಗಿಸಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆನೋ ಏನೋ.

ನಾಲ್ಕನೆಯ ದಿನ ಕಡೆಯ ಸೇತುವೆ, ಒಂದರ ಮೇಲೊಂದು ಕಮಾನು ಕಟ್ಟಿದ್ದು. ಮೇಲೆ ನಿಂತರೆ ಇಡೀ ಕಣಿವೆ ಕಾಣುತ್ತದೆ. ಮದಾಂ ಬಯ್ಯಪ್ಪನ ತೋಳು ಹಿಡಿದುಕೊಂಡು ನಡೆಯುತ್ತಿದ್ದರು. ತಮ್ಮ ಅಣ್ಣ ಈಜುತ್ತಿದ್ದ ಮಡು, ತಾಯಿ ಬಟ್ಟೆ ಒಗೆಯುತ್ತಿದ್ದ ಕಲ್ಲು, ಒಂದೊಂದನ್ನೂ ಅವನಿಗೇ ತೋರಿಸಿದರು. ಅವನು ಚಪ್ಪಲಿ ಬಿಟ್ಟಾಗ ಆಕೆಯೂ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ನಾನು ಅವರ ಕೊಡೆ ಹಿಡಿದುಕೊಂಡು ಹಿಂದೆ ಹೋದೆ. ಆಗ ಹೇಳಬಹುದಿತ್ತು, ಅನಸೂಯಮ್ಮ ಪಕ್ಕದಲ್ಲೇ ಇದ್ದರು. ಹೇಳಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು. ಹೊಟ್ಟೆಯೊಳಗೆ ಉರಿಯುತ್ತಿದ್ದುದು ಪಶ್ಚಾತ್ತಾಪ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅದು ಅರ್ಧಕ್ಕರ್ಧ ಹೊಟ್ಟೆಕಿಚ್ಚು. ತಪ್ಪು ನನ್ನದು, ಅದರ ಪ್ರೀತಿ ಅವನಿಗೆ ಹೋಯಿತಲ್ಲ ಎಂದು.

ಊರಿಗೆ ಬಂದ ವಾರದಲ್ಲೇ ಮಾರುಕಟ್ಟೆಯಲ್ಲಿ ಎಲ್ಲರೂ ಸುತ್ತುಗಟ್ಟಿದರು. ಸೇತುವೆಗಳ ವಿಚಾರ ಹೇಳಿದೆ, ಯಾರಿಗೂ ರುಚಿಸಲಿಲ್ಲ. ರೀಲರು ಮುನಿನಾರಾಯಣಪ್ಪ ಆಕಳಿಸುತ್ತಾ, “ಬಯ್ಯಪ್ಪ ಏನು ಮಾಡ್ದಪ್ಪ ಅಲ್ಲಿ?” ಅಂದ. ಬಯ್ಯಪ್ಪ ಅವತ್ತು ಬಂದಿರಲಿಲ್ಲ. ನನ್ನ ಬಾಯಿಂದ ಹೊರಟೇಹೋಯಿತು. “ಅವನಾ? ಮುದುಕಿ ಮನೇಲಿ ಮೂವತ್ತೈದು ವರ್ಷದ ಗೂಡು ಸೀಳಿ ಹಾಕ್ದ ಕಣ್ರಪ್ಪ!” ಎಲ್ಲರೂ ಗೊಳ್ಳೆಂದು ನಕ್ಕರು. ಆ ನಗುವಿನಲ್ಲಿ ನನಗೆ ಎಷ್ಟು ಹಾಯೆನಿಸಿತು ಎಂದರೆ, ಸೀಳಿದವನು ನಿಜವಾಗಿಯೂ ಅವನೇ ಅನ್ನಿಸಿಬಿಟ್ಟಿತು. ಮುಂದಿನ ವಾರ ಮತ್ತೆ ಹೇಳಿದೆ.

ಅವನಿಗೆ ‘ಗೂಡು ಸೀಳೋ ಬಯ್ಯಪ್ಪ’ ಎಂದು ಹೆಸರು ಬಿತ್ತು. ಅವನು ಚೀಲ ಇಳಿಸಿದರೆ, “ಲೇ, ಎಲ್ರೂ ನಿಮ್ ನಿಮ್ ಗೂಡು ಮುಚ್ಕೊಳ್ರಪ್ಪೋ” ಎಂದು ಯಾರಾದರೂ ಕೂಗುವರು. ಅವನು ನಗುವನು, ಒಂದು ಸಲ ನನ್ನ ಕಡೆ ನೋಡುವನು, ತನ್ನ ಕೆಲಸ ಮಾಡಿಕೊಳ್ಳುವನು. ವರ್ಷಕ್ಕೊಂದು ಸಲ ಮದಾಂ ಅವನಿಗೆ ಕಾಗದ ಬರೆಯುತ್ತಿದ್ದರು, ಒಳಗೆ ಅನಸೂಯಮ್ಮನ ಕೈಬರಹದ ತೆಲುಗು ಚೀಟಿ. ನನಗೆ ಯಾವತ್ತೂ ಬರೆಯಲಿಲ್ಲ. ಯಾಕೆ ಬರೆಯಬೇಕು?

ತೊಂಬತ್ತಾರರ ಶ್ರಾವಣದಲ್ಲಿ ಬಯ್ಯಪ್ಪನ ಜೊತೆ ಅವನ ಮಗಳು ಶ್ಯಾಮಲ ಬಂದಿದ್ದಳು. ಚಿಂತಾಮಣಿಯ ಕಾಲೇಜಿನಲ್ಲಿ ಓದುವ ಹುಡುಗಿ. ಅಪ್ಪನ ಗೂಡಿನ ಪಕ್ಕ ಪುಸ್ತಕ ಹಿಡಿದು ನಿಂತಿದ್ದಳು. ಹೊಸ ರೀಲರು ಒಬ್ಬ ಬಂದು ಅವಳ ಎದುರಿಗೇ ಶುರು ಮಾಡಿದ. “ಏನಮ್ಮ, ನಿಮ್ಮಪ್ಪ ಫಾರಿನ್‌ಗೆ ಹೋಗಿ ನಮ್ ದೇಶದ ಮರ್ವಾದೆ ತೆಗ್ದಿದ್ದು ಗೊತ್ತಾ?” ಎಂದು, ನಾನು ಹೇಳುವ ಹಾಗೆಯೇ ಕೈಸನ್ನೆ ಮಾಡಿ, ಕಣ್ಣು ಪಿಳಿಪಿಳಿ ಬಿಟ್ಟು, ಪೂರ್ತಿ ಆಡಿ ತೋರಿಸಿದ. ನನ್ನ ಕಥೆ ನನ್ನ ಕಣ್ಣ ಮುಂದೆಯೇ ಇನ್ನೊಬ್ಬನ ಬಾಯಲ್ಲಿ ನಡೆಯಿತು.

ಹುಡುಗಿಯ ಮುಖ ಕೆಂಪಾಯಿತು. “ನಿಜಾನಾ ಅಪ್ಪ?” ಎಂದಳು. ಬಯ್ಯಪ್ಪ ನಕ್ಕ. ಆದರೆ ಈ ಸಲ ನನ್ನ ಕಡೆ ನೋಡಲಿಲ್ಲ. ಐದು ವರ್ಷದಲ್ಲಿ ಮೊದಲ ಸಲ ನೋಡಲಿಲ್ಲ.

ನನಗೆ ತಡೆಯಲಾಗಲಿಲ್ಲ. ಜಗಲಿಯಿಂದ ಇಳಿದು ಅವರ ನಡುವೆ ಹೋಗಿ ನಿಂತೆ.

“ಸುಳ್ಳು ಕಣಮ್ಮ! ಎಲ್ರೂ ಕೇಳ್ರಪ್ಪ. ಆ ಗೂಡು ಸೀಳ್ದೋನು ಬಯ್ಯಪ್ಪ ಅಲ್ಲ, ನಾನು. ಈ ಕೈ. ಅವನು ನನ್ನ ಮಾನ ಉಳ್ಸಕ್ಕೆ ತಪ್ಪು ಒಪ್ಕೊಂಡ. ನಾನು ಇಲ್ಲಿಗೆ ಬಂದು ಅವನ ಮಾನ ತೆಗೆದೆ.”

ಉಗಿಯುತ್ತಾರೆ ಎಂದು ಕಾದೆ. ಉಗಿಯಲಿ, ಸದ್ಯ ಮುಗಿಯುತ್ತದೆ ಎಂದುಕೊಂಡೆ. ಮುನಿನಾರಾಯಣಪ್ಪ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈ ಹಾಕಿದ. ಅವನ ಕಣ್ಣು ತೇವವಾಗಿತ್ತು.

“ನೋಡ್ರಪ್ಪ, ದೊಡ್ಡತನ ಅಂದ್ರೆ ಇದು. ಮಗಳ ಮುಂದೆ ಅಪ್ಪನ ಮಾನ ಹೋಗಬಾರ್ದು ಅಂತ ತನ್ನ ಮೇಲೆ ಹಾಕ್ಕೊಂಡ್ರು,” ಎಂದ.

“ಇಲ್ಲ ಕಣೋ, ನಿಜವಾಗ್ಲೂ ನಾನೇ!”

“ಗೊತ್ತು ಬಿಡಣ್ಣ. ಮೂವತ್ತು ವರ್ಷದಿಂದ ನಿನ್ನ ಕೈ ನೋಡಿಲ್ವಾ ನಾವು? ಯಾವುದು ಸೀಳಬೇಕು, ಯಾವುದು ಸೀಳಬಾರ್ದು ಅಂತ ನಿನಗೆ ಗೊತ್ತಿಲ್ವಾ?” ಎಂದು, ಆ ಹೊಸ ರೀಲರನ್ನು ಗದರಿದ. “ಕಲಿಯಯ್ಯ ಇವರನ್ನ ನೋಡಿ.”

“ಬಯ್ಯಪ್ಪ, ನೀನಾದ್ರೂ ಹೇಳಯ್ಯ,” ಎಂದೆ.

ಬಯ್ಯಪ್ಪ ಬಗ್ಗಿ ರಾಶಿಯಿಂದ ಚೆಲ್ಲಿದ್ದ ಗೂಡುಗಳನ್ನು ಒಂದೊಂದಾಗಿ ಒಳಗೆ ಹಾಕುತ್ತಿದ್ದ. “ನಾನು ಹೇಳ್ಬೇಕಾದ್ದು ಆವತ್ತೇ ಹೇಳ್ದೆ ಅಣ್ಣ. ಆಯಮ್ಮ ನಂಬಿದ್ಲು. ಈಗ ಎರಡನೇ ಸಲ ಏನು ಹೇಳ್ಲಿ?” ಎಂದ.

“ಕೇಳಿದ್ರಾ? ಒಪ್ಕೊಂಡ,” ಎಂದ ಯಾರೋ.

ಶ್ಯಾಮಲ ಪುಸ್ತಕವನ್ನು ಅಪ್ಪನ ಚೀಲದ ಮೇಲೆ ಇಟ್ಟಳು. ನನ್ನ ಮುಂದೆ ಬಂದು, ಅಷ್ಟು ಜನರ ನಡುವೆ, ಬಗ್ಗಿ ನನ್ನ ಕಾಲು ಮುಟ್ಟಿದಳು.

“ನೀವು ನಮ್ಮಪ್ಪನ ಮರ್ಯಾದೆ ಉಳಿಸಿದ್ರಿ ದೊಡ್ಡಪ್ಪ,” ಎಂದಳು.

ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ. ಹಿಂದೆ ಜನ ನಿಂತಿದ್ದರು, ಜಾಗವಿರಲಿಲ್ಲ. ಬಯ್ಯಪ್ಪ ಈಗ ತಲೆ ಎತ್ತಿ, ಬಗ್ಗಿದ ಮಗಳನ್ನು ನೋಡುತ್ತಿದ್ದ. “ಆಶೀರ್ವಾದ ಮಾಡಣ್ಣ, ಹುಡುಗಿ ಎಷ್ಟು ಹೊತ್ತು ಹಂಗೇ ಇರ್ತಾಳೆ?” ಎಂದ ಮುನಿನಾರಾಯಣಪ್ಪ.

ಮಾಡಿದೆ.